ಬ್ರೇಕ್ ಯಾರದು

ನಮ್ಮ ತಂಡದ ಕಾರಿಗೆ ಬ್ರೇಕ್ ಮಾಡಿದವಳು ನಾನು. ಆದರೆ ಪರೀಕ್ಷಕರ ಮುಂದೆ ಅದರ ಬಗ್ಗೆ ಮಾತಾಡುವವನು ಕ್ಯಾಪ್ಟನ್ ಎಂದು ತೀರ್ಮಾನವಾಗಿತ್ತು. ತೀರ್ಮಾನಿಸಿದವರು ಯಾರೆಂದರೆ, ಕ್ಯಾಪ್ಟನ್ನೇ. ಅವನ ಗಂಟಲು ದೊಡ್ಡದು, ನಿಜ. ನನಗೆ ಚಾರ್ಟ್ ಹಿಡಿದು ನಿಲ್ಲುವ ಕೆಲಸ. ಆ ಸಿಟ್ಟು ಈಗ ನೆನೆದರೆ ನಗು ಬರುತ್ತದೆ. ಆಗ ಮೈಯೆಲ್ಲ ಉರಿಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಪುಣೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೂರನೇ ವರ್ಷ ಓದುತ್ತಿದ್ದ ನಾವು ಕೆಲವರು ಸ್ಪರ್ಧೆಗೆಂದು ಒಬ್ಬರೇ ಕೂರುವ ಪುಟ್ಟ ಕಾರು ಕಟ್ಟುತ್ತಿದ್ದೆವು. ಓಟಕ್ಕೆ ಮೊದಲು ಡಿಸೈನ್ ರಿವ್ಯೂ. ಪರೀಕ್ಷಕರು ಬಂದು ಪ್ರತಿ ಭಾಗವನ್ನೂ ಹೀಗೇಕೆ ಮಾಡಿದಿರಿ ಎಂದು ಕೇಳುತ್ತಾರೆ, ಒಪ್ಪಿದರೆ ಮಾತ್ರ ಮುಂದಕ್ಕೆ. ಅದರ ತಾಲೀಮು ಶಿವಾಜಿನಗರದ ನಮ್ಮ ಮನೆಯ ಪಡಸಾಲೆಯಲ್ಲಿ, ಏಕೆಂದರೆ ಕಾಲೇಜಿಗೆ ಹತ್ತಿರ, ಮೇಲೆ ಅವ್ವನ ಒಗ್ಗರಣೆ ಅವಲಕ್ಕಿ. ಲೆಕ್ಕವೆಲ್ಲ ಇಂಗ್ಲಿಷಿನಲ್ಲಿ, ಜಗಳವೆಲ್ಲ ಮರಾಠಿಯಲ್ಲಿ. ಧಾರವಾಡದಿಂದ ಮದುವೆಯಾಗಿ ಬಂದ ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆ ಗದ್ದಲ ನನಗೆ ಈಗಲೂ ಬೇಕೆನಿಸುತ್ತದೆ.

ಅವ್ವನದು ಒಂದೇ ಶರತ್ತು: ಹೊಸ ಗಾಡಿಗೆ ಪೂಜೆಯಾಗುವವರೆಗೆ ಅದರಲ್ಲಿ ಯಾರೂ ಕೂರಬಾರದು. ವಿಜ್ಞಾನ ಓದಿದವರು ನಾವು, ನಕ್ಕೆವು. ಆದರೆ ಕ್ಯಾಪ್ಟನ್ ಮನೆಯಲ್ಲೂ ಅದನ್ನೇ ಹೇಳಿದರಂತೆ. ಅಲ್ಲಿಗೆ ವಿಜ್ಞಾನ ಮುಗಿಯಿತು. ರಿವ್ಯೂ ದಿನ ಬೆಳಿಗ್ಗೆಯೇ ಕಾಯಿ ಒಡೆಯುವುದೆಂದಾಯಿತು.

ಹಾಗಾದರೆ ಬ್ರೇಕ್ ಪೆಡಲ್ ಎಲ್ಲಿ ಕೂರಿಸಬೇಕೆಂದು ತಿಳಿಯುವುದು ಹೇಗೆ? ಸೀಟನ್ನೇ ಪಡಸಾಲೆಗೆ ತಂದು ನೆಲದ ಮೇಲಿಟ್ಟೆವು. ಕಾರು ಓಡಿಸಬೇಕಾದ ಗೆಳೆಯ ಅಂದು ಅಕ್ಕನ ಮದುವೆಗೆಂದು ಸ್ವಾರಗೇಟಿನಿಂದ ಬಸ್ಸು ಹತ್ತಿ ಹೋಗಿದ್ದ. ಯಾರ ಕಾಲಾದರೇನು, ನೀನೇ ಕೂರು ಎಂದ ಕ್ಯಾಪ್ಟನ್. ನಾನು ಕೂತು ಕಾಲು ಚಾಚಿದೆ. ಪಾದ ಮುಟ್ಟಿದಲ್ಲಿ ಅವನೇ ಸೀಮೆಸುಣ್ಣದಲ್ಲಿ ಗೆರೆ ಎಳೆದ. ತಂಡದಲ್ಲಿ ಎಲ್ಲರಿಗಿಂತ ಕುಳ್ಳಿ ನಾನು. ಆ ಗೆಳೆಯನೋ, ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದವನು. ಇಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ರಿವ್ಯೂ ದಿನ ಕಾಯಿ ಒಡೆದು, ಕುಂಕುಮ ಹಚ್ಚಿದ ಮೇಲೆ ಪರೀಕ್ಷಕರು ಬಂದರು. ಕ್ಯಾಪ್ಟನ್ ನನ್ನ ಬ್ರೇಕಿನ ಬಗ್ಗೆ ಮಾತಾಡಿದ. ಚೆನ್ನಾಗಿಯೇ ಮಾತಾಡಿದ, ನಾನು ಬರೆದುಕೊಟ್ಟದ್ದೇ ಅಲ್ಲವೇ. ಚಾರ್ಟ್ ಎತ್ತಿ ಹಿಡಿದು ನನ್ನ ಕೈ ನೋಯುತ್ತಿತ್ತು. ಪರೀಕ್ಷಕರಲ್ಲಿ ಹಿರಿಯರೊಬ್ಬರು, ಡ್ರೈವರ್ ಕೂತು ಬ್ರೇಕ್ ಒತ್ತಲಿ ಎಂದರು. ಗೆಳೆಯ ಮೊದಲ ಸಲ ಕಾರಿನೊಳಗೆ ಇಳಿದ. ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿಕೊಂಡಿತು. ಪಾದ ಎತ್ತಲೂ ಜಾಗವಿಲ್ಲ.

ಹಿರಿಯರು ಕ್ಯಾಪ್ಟನ್ ಮುಖ ನೋಡಿದರು. ಆ ದೊಡ್ಡ ಗಂಟಲು ಸಣ್ಣಗಾಯಿತು.

"ಬ್ರೇಕ್ ಅವಳದು, ಸರ್," ಎಂದ ಮರಾಠಿಯಲ್ಲಿ, ನನ್ನತ್ತ ಕೈ ತೋರಿಸಿ.

ನಾನು ಚಾರ್ಟನ್ನು ಅವನ ಕೈಗೆ ಕೊಟ್ಟೆ. ಪೆಡಲನ್ನು ಮುಂದೆ ಸರಿಸಲು ಜಾಗವಿದೆ, ಪೆಡಲಿನ ಉದ್ದ ಬದಲಾಗದ್ದರಿಂದ ಲೆಕ್ಕವೂ ಬದಲಾಗುವುದಿಲ್ಲ, ಎಣ್ಣೆಯ ಕೊಳವೆ ಮಾತ್ರ ಉದ್ದವಾಗಬೇಕು ಎಂದೆ. ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ತಿದ್ದಿ ತೋರಿಸಿದರೆ ಓಟಕ್ಕೆ ಬಿಡುತ್ತೇವೆ ಎಂದು ಹೇಳಿ ಹೊರಟರು.

ಸಂಜೆ ಅವ್ವನ ಮುಂದೆ ಅತ್ತುಬಿಟ್ಟೆ. ಇಷ್ಟು ದಿನ ನನ್ನದಲ್ಲದ ಬ್ರೇಕು ತಪ್ಪಾದ ಕೂಡಲೇ ನನ್ನದಾಯಿತು ಎಂದೆ. ಅವ್ವ ನನ್ನ ಮುಂದೆ ತಟ್ಟೆ ಇಟ್ಟಳು.

"ಅಳಬ್ಯಾಡ. ಎಲ್ಲಾರ ಮುಂದ ನಿಂದೇ ಅಂತ ಅಂದಾನಲ್ಲ. ಇನ್ನ ವಾಪಸ್ ತಗೊಳ್ಳಾಕ ಬರಂಗಿಲ್ಲ ಅವಗ."

ತೆಗೆದುಕೊಳ್ಳಲೂ ಇಲ್ಲ. ಓಟದ ದಿನ ಬ್ರೇಕಿನ ಬಗ್ಗೆ ಯಾರು ಏನು ಕೇಳಿದರೂ ಕ್ಯಾಪ್ಟನ್ ನನ್ನನ್ನೇ ಕರೆದ.