ಮಂಡಿಯ ಗಾಯದ ವಯಸ್ಸು

ದೇಶದ ಕಿರಿಯರ ಫುಟ್‌ಬಾಲ್ ತಂಡದ ಕೋಚ್ ಅನ್ನಿಸಿಕೊಳ್ಳಲು ನಾನು ಎರಡು ತೆತ್ತೆ: ಎಡಗಾಲಿನ ಮಂಡಿ, ಮತ್ತು ತಾವರಗೇರಾದ ಅಕ್ಕನ ಮನೆಯ ಬಾಗಿಲು. ಮಂಡಿ ಆಟದಲ್ಲಿ ಹೋಯಿತು, ಕೊಡುತ್ತಿದ್ದೇನೆ ಎಂದು ಗೊತ್ತಿಲ್ಲದೆ ಕೊಟ್ಟೆ. ಬಾಗಿಲನ್ನು ಗೊತ್ತಿದ್ದೇ ಕೊಟ್ಟೆ, ಒಂದು ಪ್ರಶ್ನೆಗೆ ನಿಜ ಹೇಳಿದ್ದಕ್ಕೆ. ಬದಲಿಗೆ ಸಿಕ್ಕಿದ್ದು ಎದೆಯ ಮೇಲೆ ದೇಶದ ಹೆಸರಿರುವ ಜಾಕೆಟ್ಟು. ಗಂಗಾವತಿಯ ಬಿಸಿಲಿಗೆ ಅದನ್ನು ತೊಡುವಂತೆಯೂ ಇಲ್ಲ. ವ್ಯಾಪಾರ ಬಲ್ಲವನಾಗಿ ಹೇಳುತ್ತೇನೆ, ಇದು ಲುಕ್ಸಾನಿನ ವ್ಯಾಪಾರ.

ವ್ಯಾಪಾರ ನನಗೆ ಆಟಕ್ಕಿಂತ ಮೊದಲೇ ಬಂದದ್ದು. ಅಪ್ಪ ಕುಷ್ಟಗಿ, ಯಲಬುರ್ಗಾ, ಹನುಮಸಾಗರದ ಸಂತೆಗಳಲ್ಲಿ ಆಡು ಕೊಂಡು ಮಾರುತ್ತಿದ್ದ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಮರೆಯಲ್ಲಿ ಕೈ ಹಿಡಿದುಕೊಂಡು, ಬೆರಳು ಒತ್ತಿ ಬೆಲೆ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. "ಮೊದಲ ಬಾಯಿ ಬಿಟ್ಟಾವ ಸೋತಂಗ," ಎನ್ನುತ್ತಿದ್ದ ಅಪ್ಪ. "ಅವಾ ಬಿಡ್ಲಿ. ನೀ ಕಾಯಿ." ಇನ್ನೊಂದು: ಬಾಯಿ ತೆರೆದು ಹಲ್ಲು ನೋಡದೆ ಅವನು ಯಾವ ಆಡನ್ನೂ ಕೊಂಡವನಲ್ಲ. ಮಾರುವವ ಹೇಳುವ ವಯಸ್ಸು ಬೇರೆ, ಹಲ್ಲು ಹೇಳುವ ವಯಸ್ಸು ಬೇರೆ.

ಫುಟ್‌ಬಾಲ್ ಹಚ್ಚಿದವರು ಗಂಗಾವತಿಯ ಶಾಲೆಯ ಪಿ.ಟಿ. ಮಾಸ್ತರರು, ಫೌಜಿನಿಂದ ಬಂದವರು. ಮೈದಾನವಿರಲಿಲ್ಲ, ಭತ್ತ ಕೊಯ್ದ ಗದ್ದೆಯಲ್ಲಿ ಬರಿಗಾಲಲ್ಲಿ ಆಡಿದೆವು. ಕೂಳೆ ಚುಚ್ಚುವ ಮೊದಲೇ ಕಾಲೆತ್ತಬೇಕು, ಚೆಂಡು ಬಿಡಬೇಕು. ಚುರುಕಾದ ಕಾಲು ಎಂದು ಮುಂದೆ ಪತ್ರಿಕೆಗಳು ಬರೆದವು. ಕೂಳೆಯ ಪುಣ್ಯ ಅದು.

ಕೋಲ್ಕತ್ತಾದ ಕ್ಲಬ್ಬಿನವರು ಕರಾರಿನ ಕಾಗದ ಮುಂದಿಟ್ಟಾಗ ನಾನು ಅಪ್ಪನ ಮಾತಿನಂತೆ ಬಾಯಿ ಬಿಡದೆ ಕುಳಿತೆ. ಹಿಂದಿ ಬಾರದ ಹುಡುಗ, ಪಾಪ, ಎಂದುಕೊಂಡರು. ಹಿಂದಿ ನಿಜಕ್ಕೂ ಬರುತ್ತಿರಲಿಲ್ಲ, ಆದರೆ ಸುಮ್ಮನಿದ್ದದ್ದು ಅದಕ್ಕಲ್ಲ. ನಾನು ಸುಮ್ಮನಿದ್ದಷ್ಟೂ ಅವರೇ ಏರಿಸುತ್ತ ಹೋದರು.

ಕೆಲವು ವರ್ಷ ಚೆನ್ನಾಗಿ ನಡೆಯಿತು. ಒಂದು ದಿನ ನನಗಿಂತ ಬಹಳ ತೂಕದವನೊಬ್ಬ ಓಡಿಬಂದು ಬಿದ್ದ, ಮಂಡಿ ತಿರುಚಿತು. ಆಪರೇಷನ್ ಆದ ವಾರವೇ ಗಂಗಾವತಿಯಲ್ಲಿ, ತವರಿಗೆ ಬಂದಿದ್ದ ಅಕ್ಕನಿಗೆ ಮಗ ಹುಟ್ಟಿದ. ಅವ್ವ ನನ್ನ ಹತ್ತಿರ ಬರಬೇಕಿತ್ತು. ಬಾಣಂತಿಯನ್ನು ಬಿಟ್ಟು ಬರಲಾಗಲಿಲ್ಲ. ನನ್ನವರಾರೂ ಇಲ್ಲದ ಊರಿನ ದವಾಖಾನೆಯಲ್ಲಿ ಒಬ್ಬನೇ ಮಲಗಿ, ಫೋನಿನಲ್ಲಿ ಆ ಕೂಸಿನ ಅಳು ಕೇಳಿದೆ. ನನ್ನ ಗಾಯಕ್ಕೂ ಅವನಿಗೂ ಒಂದೇ ವಯಸ್ಸು.

ಆಟ ಮುಗಿದ ಮೇಲೆ ಕೋಚಿಂಗ್ ಕಲಿತೆ, ಪರೀಕ್ಷೆ ಕಟ್ಟಿದೆ, ಊರೂರು ಅಲೆದೆ. ಕೊನೆಗೆ ಹದಿನಾರರೊಳಗಿನವರ ರಾಷ್ಟ್ರೀಯ ತಂಡ ನನ್ನ ಕೈಗೆ ಬಂತು. ತಂಡ ಕಟ್ಟುವ ಶಿಬಿರಕ್ಕೆ ಬರುವ ಹುಡುಗರ ಪಟ್ಟಿ ಬಂದಾಗ ಅದರಲ್ಲಿ ಅಕ್ಕನ ಮಗನಿದ್ದ. ಆರಿಸಿದ್ದು ಬೇರೆಯವರು. ಅವನು ನನ್ನ ಸೋದರಳಿಯ ಎಂದು ಅಂದೇ ಬರೆದು ಕೊಟ್ಟೆ. ಆದರೆ ಕಾಗದದಲ್ಲಿ ಅವನಿಗೆ ಹದಿನೈದು. ನನ್ನ ಮಂಡಿಗೆ ಹದಿನೇಳು ತುಂಬಿತ್ತು.

ಅದನ್ನು ಮಾತ್ರ ಹೇಳಲಿಲ್ಲ. ವಯಸ್ಸು ಪತ್ತೆಗೆ ಎಲ್ಲ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಯುವುದಿತ್ತು. ಯಂತ್ರವೇ ಮೊದಲು ಬಾಯಿ ಬಿಡಲಿ ಎಂದು ಕಾದೆ. ಯಂತ್ರ ನನಗಿಂತ ಜಾಣ. ಅಳಿಯನ ವರದಿ ಬಂತು: ವಯಸ್ಸು ಗೆರೆಯ ಮೇಲಿದೆ, ಹೌದೆನ್ನಲೂ ಅಲ್ಲವೆನ್ನಲೂ ಆಗದು. ಮರುದಿನದ ಸಭೆಯಲ್ಲಿ ಕೋಚ್ ಆದ ನನ್ನನ್ನೇ ಕೇಳಿ ತೀರ್ಮಾನ ಎಂದರು.

ಅಂದು ಮಧ್ಯಾಹ್ನವೇ ಅಕ್ಕ, ಭಾವ ಮಗನನ್ನು ನೋಡಲು ಬಂದಿಳಿದರು. ಮೈದಾನದ ಗೋಡೆಯ ನೆರಳಲ್ಲಿ ಅಕ್ಕ ಬುತ್ತಿ ಬಿಚ್ಚಿದಳು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಭಾವನದು ತಾವರಗೇರಾದಲ್ಲಿ ಕಿರಾಣಿ ಅಂಗಡಿ. ಖುಷಿಯಲ್ಲಿದ್ದರೆ ನನ್ನನ್ನು 'ತಮ್ಮಾ' ಎನ್ನುತ್ತಿದ್ದ, ಸಿಟ್ಟು ಬಂದರೆ 'ಸಾಹೇಬ್ರ'.

"ಏನ್ರಿ ಸಾಹೇಬ್ರ, ಹುಡುಗನ ಕೈ ಮುರದಿಲ್ಲ, ಉಳುಕಿಲ್ಲ, ಎಕ್ಸ್‌ರೇ ಯಾಕ?"

"ವಯಸ್ಸು ನೋಡಾಕ, ಭಾವ."

"ಸಾಲಿ ಸರ್ಟಿಫಿಕೇಟ್ ಐತೆಲ್ಲ."

"ಅದರಾಗ ಎರಡು ವರ್ಷ ಕಡಿಮಿ ಐತಿ."

"ಐತಿ. ಸರ್ಕಾರಿ ನೌಕರಿ ಸಿಕ್ಕರ ಎರಡು ವರ್ಷ ಹೆಚ್ಚಿಗಿ ಪಗಾರ ತಿಂತಾನ ಅಂತ ಮಾಸ್ತರ ಬರದಾರ. ನಾ ಏನ್ ಕಳವು ಮಾಡೀನೇನು? ನಮ್ಮೂರಾಗ ಅರ್ಧ ಮಂದಿ ಜೂನ್ ಒಂದಕ್ಕ ಹುಟ್ಟ್ಯಾರ. ಅವತ್ತು ಸೂಲಗಿತ್ತಿ ಎಷ್ಟು ಮನಿ ತಿರಗ್ಯಾಳೋ, ಪಾಪ!"

ಅಕ್ಕ ನಕ್ಕಳು. ನನಗೂ ನಗು ಬಂತು.

"ನಗಬ್ಯಾಡ. ನಿಂದ್ಯಾವ ತಾರೀಖು?"

"ಜೂನ್ ಒಂದು."

"ನೋಡು ಮತ್ತ! ನಿನ್ನ ಕಾಲದಾಗ ಎಲುಬಿನ ಫೋಟೋ ತಗಿಯೋರು ಇರಲಿಲ್ಲ, ನೀ ದೊಡ್ಡ ಮನಷ್ಯಾ ಆದಿ. ಈಗ ನಮ್ಮ ಹುಡುಗನ ಬಾಯಿ ತಗದು ಹಲ್ಲು ಎಣಸ್ತಿ. ಆಡಿನ ದಲಾಲಿ ಮಗ ಅಲ್ಲೇನು ಮತ್ತ."

ಅಕ್ಕ ಅವನನ್ನು ಸುಮ್ಮನಿರಿಸಿದಳು. "ತಮ್ಮಾ, ಸುಳ್ಳು ಹೇಳು ಅಂತ ನಾ ಅನ್ನಂಗಿಲ್ಲ. ಗೊತ್ತಿಲ್ಲ ಅನ್ನು. ಅಷ್ಟ ಸಾಕು."

"ಹೆಂಗ ಅನ್ಲಿ ಅಕ್ಕಾ? ನಿನ್ನ ಬಾಣಂತನಕ್ಕಂತ ಅವ್ವ ನನ್ನ ಕಡೆ ಬರಲಿಲ್ಲ. ಅದು ಮರ್ತು ಹೋಗೋ ಮಾತಾ?"

ಅವಳು ನನ್ನನ್ನೇ ನೋಡಿದಳು. "ಅದರ ಸೇಡು ಈಗ ತೀರಸ್ಕೊಂತಿ ಏನು?"

ಆಮೇಲೆ ಬುತ್ತಿ ಕಟ್ಟಿದಳು. ನನ್ನ ಕೈಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು.

ಸಭೆಯಲ್ಲಿ ಕೇಳಿದರು, ಹೇಳಿದೆ. ದೊಡ್ಡತನಕ್ಕೆ ಹೇಳಿದೆ ಎಂದು ತಿಳಿಯಬೇಡಿ. ಅಳಿಯನ ಜಾಗಕ್ಕೆ ಕಾದಿದ್ದ ಇನ್ನೊಬ್ಬ ಹುಡುಗನಿದ್ದ, ನಿಜವಾಗಿ ಹದಿನೈದರವನು, ಭುಜ ತಾಗಿದರೆ ಬೀಳುವಷ್ಟು ಸಣ್ಣ ಮೈ. ಅಭ್ಯಾಸದಲ್ಲಿ ಅಳಿಯ ಅವನ ಮೇಲೆ ಓಡಿಹೋಗುವಾಗ ಪ್ರತಿ ಸಲ ನನ್ನ ಮಂಡಿ ಜುಮ್ಮೆನ್ನುತ್ತಿತ್ತು.

ಅಳಿಯನನ್ನು ಮನೆಗೆ ಕಳಿಸಿದರು. ಜೊತೆಗೆ, ವಯಸ್ಸು ಮುಚ್ಚಿಟ್ಟವನೆಂದು ಕಿರಿಯರ, ಹಿರಿಯರ ಯಾವ ಪಂದ್ಯಕ್ಕೂ ಸೇರಿಸಬಾರದೆಂದು ಬರೆದರು. ಚೀಲ ಹೆಗಲಿಗೇರಿಸಿಕೊಂಡು ನನ್ನ ಮುಂದೆ ನಿಂತ. "ಮಾಮಾ, ನಾ ಏನ್ ಮಾಡೀನಿ?" ಅಂದ. ಅವನು ಏನೂ ಮಾಡಿರಲಿಲ್ಲ. ಒಂದನೇ ತರಗತಿಗೆ ಸೇರಿದ್ದ, ಅಷ್ಟೆ. ನೌಕರಿಗೆಂದು ಕಡಿಮೆ ಬರೆದ ಎರಡು ವರ್ಷ, ಆಟದಿಂದ ಅವನಿಗೆ ಬರಬಹುದಾಗಿದ್ದ ಒಂದೇ ನೌಕರಿಯನ್ನು ನುಂಗಿತು.

ನನ್ನದೂ ಉಳಿಯಲಿಲ್ಲ. ಸೋದರಳಿಯನನ್ನು ಶಿಬಿರಕ್ಕೆ ತೂರಿಸಿದವ ಎಂದು ಯಾರೋ ದೂರು ಕೊಟ್ಟರು. ಹೊರಗೆ ಕಳಿಸಿದವನೂ ನಾನೇ ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಕರಾರು ಮುಗಿದಾಗ ಮತ್ತೆ ಕರೆಯಲಿಲ್ಲ. ಆ ಸಲವೂ ನಾನು ಸುಮ್ಮನೆ ಕುಳಿತೆ, ಯಾರೂ ಏರಿಸಲಿಲ್ಲ.

ಈಗ ಗಂಗಾವತಿಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದೇನೆ. ಹೋದ ಸುಗ್ಗಿಯಲ್ಲಿ ಅಳಿಯ ಅಂಗಡಿಗೆ ಬಂದ. ಭತ್ತ ಕೊಯ್ಯುವ ಮಷೀನು ಓಡಿಸುತ್ತಾನಂತೆ. ಮೀಸೆ ಬಂದಿದೆ, ನಡಿಗೆ ಅದೇ ಇದೆ. ಒಂದು ಜೊತೆ ಬೂಟು ಕೈಗೆತ್ತಿಕೊಂಡ.

"ಆಡಾಕೇನು?" ಅಂದೆ.

"ಇಲ್ರಿ. ಮಷೀನ್ ಮ್ಯಾಲೆ ಹಾಕ್ಕೊಳ್ಳಾಕ. ಎಷ್ಟ್ರಿ ಇದು?"

ಬೇಕೆಂದೇ ಎತ್ತರದ ಬೆಲೆ ಹೇಳಿದೆ. ಅವನು ಅರ್ಧಕ್ಕೆ ಕೇಳಲಿ, ನಾನು ಬೈಯಲಿ, 'ಮಾಮಾ, ನನಗೂ ಟೋಪಿ ಹಾಕ್ತಿ ಏನು' ಅನ್ನಲಿ, ಕೊನೆಗೆ ಪುಕ್ಕಟೆ ಕೊಟ್ಟು ಕಳಿಸೋಣ ಎಂದು. ಅವನು ಹೇಳಿದಷ್ಟನ್ನೂ ಎಣಿಸಿ ಇಟ್ಟ. "ಹೋಗ್ತೀನ್ರಿ" ಅಂದ. ಬರ್ತೀನಿ ಎನ್ನಲಿಲ್ಲ.

ನಮ್ಮ ಕಡೆ ಜನ ಚೌಕಾಸಿ ಮಾಡದಿರುವುದು ಎರಡೇ ಕಡೆ: ದವಾಖಾನೆಯಲ್ಲಿ, ಮತ್ತು ಇನ್ನು ಕಾಲಿಡಬಾರದು ಎಂದುಕೊಂಡ ಅಂಗಡಿಯಲ್ಲಿ.

ಇಷ್ಟು ತೆತ್ತು ಕಲಿತದ್ದನ್ನು ನಿಮಗೆ ಬಿಟ್ಟಿ ಕೊಡುತ್ತೇನೆ, ಇಟ್ಟುಕೊಳ್ಳಿ. ಮಗು ಹುಟ್ಟಿದ ಕೂಡಲೇ ಜನನ ಪತ್ರ ಮಾಡಿಸಿ. ಶಾಲೆಗೆ ಸೇರಿಸುವ ದಿನ ಅದನ್ನು ಹಿಡಿದು ಮಾಸ್ತರರ ಮೇಜಿನ ಪಕ್ಕದಲ್ಲೇ ನಿಲ್ಲಿ. ಅವರು ಪ್ರೀತಿಯಿಂದ ಎರಡು ವರ್ಷ ಕಡಿಮೆ ಮಾಡುತ್ತೇನೆಂದರೆ ಕೈ ಮುಗಿದು ಬೇಡವೆನ್ನಿ. ನಿಮ್ಮವರ ಮಗು ನಿಮ್ಮ ಕೈಕೆಳಗೆ ಬರುವುದು ಗೊತ್ತಾದರೆ, ಇಲ್ಲ ಎನ್ನುವುದನ್ನು ಆ ದಿನವೇ ಮನೆಗೆ ಹೋಗಿ, ಊಟಕ್ಕೆ ಮೊದಲು ಹೇಳಿ. ಮೊದಲು ಬಾಯಿ ಬಿಟ್ಟವ ಸೋತ ಎಂಬುದು ಆಡಿನ ಸಂತೆಗೆ ಸರಿ, ಅಕ್ಕನ ಮನೆಗಲ್ಲ. ಪಟ್ಟಿ ಬಂದ ದಿನವೇ ನಾನು ಅಕ್ಕನಿಗೆ ಹೇಳಿದ್ದರೆ ಹುಡುಗ ಊರಲ್ಲೇ ಉಳಿಯುತ್ತಿದ್ದ, ಹಿರಿಯರ ತಂಡಕ್ಕೆ ಆಡುತ್ತಿದ್ದ, ಅಕ್ಕ ನಾಲ್ಕು ದಿನ ಬೈದು ಐದನೇ ದಿನ ರೊಟ್ಟಿ ಬಡಿಯುತ್ತಿದ್ದಳು.

ಹಾಗೆಯೇ, ನನ್ನ ಅಂಗಡಿಗೆ ಬಂದರೆ ಮೊದಲು ಹೇಳಿದ ಬೆಲೆ ಕೊಡಬೇಡಿ. ಅರ್ಧಕ್ಕೆ ಕೇಳಿ.