ಚಿಕ್ಕಮ್ಮ ತೆಗೆಯದ ಬೀಗ

ನಮ್ಮ ಚಿಕ್ಕಮ್ಮನದು ಬೀಗ ರಿಪೇರಿಯ ಕಸುಬು. ಬೀಗಕ್ಕೆ ಕಿವಿಗೊಟ್ಟು ಅವಳು ತಂತಿ ಆಡಿಸಿದಳೆಂದರೆ ಎಂಥ ಮೊಂಡು ಬೀಗವೂ ಬಾಯಿಬಿಡುತ್ತದೆ. "ಇದು ಗಂಡಸರ ಕೆಲಸ ಅಲ್ವಾ?" ಎಂದು ಯಾರಾದರೂ ಕೇಳಿದರೆ, "ಬೀಗಕ್ಕೆ ಕೈ ಗೊತ್ತಾಗುತ್ತೆ, ಮೀಸೆ ಗೊತ್ತಾಗಲ್ಲ" ಅನ್ನುತ್ತಾಳೆ.

ಕೆಲಸ ಕಲಿಸಿದ್ದು ನಮ್ಮಜ್ಜ. ಅವನ ಪೆಟ್ಟಿಗೆ ಅಂಗಡಿ ಕಾಲುವೆ ಸೇತುವೆಯ ಪಕ್ಕದಲ್ಲಿತ್ತು. ಅದಕ್ಕಂಟಿಕೊಂಡ ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದವಳೇ ಚಿಕ್ಕಮ್ಮನ ಗೆಳತಿ. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಗುಂಡಿ ಎಂದು. ಹಳ್ಳದ ಗುಂಡಿಯಲ್ಲ, ಅಂಗಿಯ ಗುಂಡಿ. ತುಟಿಗಳ ನಡುವೆ ಸದಾ ಮೂರೋ ನಾಲ್ಕೋ ಕಚ್ಚಿಕೊಂಡಿರುತ್ತಿದ್ದಳಂತೆ. ಮಾತೂ ಅದಕ್ಕೇ ಕಡಿಮೆ.

ಚಿಕ್ಕಮ್ಮನಿಗೆ ಹತ್ತೊಂಬತ್ತಾದ ವರ್ಷ ಊರು ಕೆಟ್ಟಿತು. ನೀರಿನ ಪೈಪಿನ ಜಗಳವೊಂದು ಬೆಳೆದು, ಕಾಲುವೆಯ ಆಚೆಯವರು ಈಚೆಯವರು ಒಬ್ಬರ ಮುಖ ಒಬ್ಬರು ನೋಡದಂತಾಯಿತು. ಎರಡನೆಯ ದಿನ ಆಚೆಯ ಕೆಲವರು ಸೇತುವೆ ದಾಟಿ ಬಂದು ಅಜ್ಜನ ಅಂಗಡಿ ಉರುಳಿಸಿದರು. ಅರ, ಅಚ್ಚು, ಮೂವತ್ತು ವರ್ಷದ ಕೀಲಿಗೊಂಚಲು ಎಲ್ಲ ಚರಂಡಿ ಪಾಲು. ತಡೆಯಲು ಹೋದ ಅಜ್ಜನ ಮೊಣಕೈ ಮುರಿಯಿತು.

ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಅಣ್ಣ, ಅಂದರೆ ಅವಳ ದೊಡ್ಡಪ್ಪನ ಮಗ, ನಾಲ್ಕು ಹುಡುಗರನ್ನು ಕಟ್ಟಿಕೊಂಡು ಬಂದ. ಒಬ್ಬನ ಕೈಯಲ್ಲಿ ಸೀಮೆಎಣ್ಣೆ ಡಬ್ಬ.

"ಆಚೆ ಹಾಸಿಗೆ ಅಂಗಡಿ ಇದೆಯಲ್ಲ, ಅದರ ಬೀಗ ತೆಗೆದುಕೊಡು. ಸದ್ದಾಗಬಾರದು. ಉಳಿದದ್ದು ನಾವು ನೋಡ್ಕೋತೀವಿ."

ಚಿಕ್ಕಮ್ಮ ಮನೆಯಲ್ಲಿ ಉಳಿದಿದ್ದ ತಂತಿಗಳ ಚೀಲ ಹೆಗಲಿಗೇರಿಸಿದಳು. ಅಜ್ಜನನ್ನು ನೋಡಲು ಬಂದಿದ್ದ ಗುಂಡಿ ಜೊತೆಗೆ ಹೆಜ್ಜೆ ಹಾಕಿದಳು.

ಆಚೆ ಬೀದಿ ಭಣಗುಡುತ್ತಿತ್ತು. ಅಂಗಡಿಯ ಮಹಡಿಯಲ್ಲೇ ವ್ಯಾಪಾರಿಯ ಮನೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಹುಡುಗರು ಮೂಲೆಯಲ್ಲಿ ನಿಂತರು. ಚಿಕ್ಕಮ್ಮ ಶಟರಿನ ಮುಂದೆ ಮಂಡಿಯೂರಿದಳು. ಅಜ್ಜನೇ ಕೂರಿಸಿಕೊಟ್ಟಿದ್ದ ಬೀಗ ಅದು.

ಗುಂಡಿ ಬಾಯಲ್ಲಿದ್ದ ಗುಂಡಿಗಳನ್ನು ಅಂಗೈಗೆ ಉಗಿದುಕೊಂಡಳು. "ಬೀಗ ಹಾಕಿಕೊಟ್ಟ ಮನೆಯವಳೇ ತೆಗೆದುಕೊಟ್ರೆ, ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲೇ."

"ನಿಂಗೇನು? ನಿನ್ನ ಮೆಷಿನ್ ಚರಂಡಿಗೆ ಬಿದ್ದಿಲ್ಲ."

"ಬಿದ್ದಿದ್ರೆ ನಾನೂ ಹಿಂಗೇ ಬಂದಿರ್ತಿದ್ದೆ. ಆಗ ನೀನು ನನ್ನ ಜುಟ್ಟು ಹಿಡಿದು ಎಳ್ಕೊಂಡು ಹೋಗ್ತಿದ್ದೆ."

ಅದು ನಿಜವೆಂದು ಚಿಕ್ಕಮ್ಮನಿಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ತಂತಿ ಆಗಲೇ ಒಳಗೆ ಹೋಗಿತ್ತು, ಇನ್ನೊಂದು ಸುತ್ತು ತಿರುಗಿಸಿದರೆ ಮುಗಿಯಿತು. ಕೊನೆಗೆ ತಂತಿ ಎಳೆದು ಚೀಲಕ್ಕೆ ಹಾಕಿ ಎದ್ದಳು.

"ನನ್ನ ಕೈಲಾಗಲ್ಲ" ಎಂದಳು ಅಣ್ಣನಿಗೆ.

"ಮನೆಗೆ ಮಾರಿ, ಊರಿಗೆ ಉಪಕಾರಿ!" ಎಂದು ಹಲ್ಲು ಕಡಿದು ಅವನೇ ಕಬ್ಬಿಣದ ಸರಳಿನಿಂದ ಬೀಗ ಮೀಟಿದ. ಅಜ್ಜನ ಕೆಲಸ, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸದ್ದಿಗೆ ಮಹಡಿಯಲ್ಲೊಂದು ಮಗು ಚಿಟ್ಟನೆ ಚೀರಿತು. ಡಬ್ಬ ಹಿಡಿದವನು ತಲೆಯೆತ್ತಿ ಕಿಟಕಿ ನೋಡಿದ. ಒಳಗೆ ಜನ ಇದ್ದಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಡಬ್ಬವನ್ನು ಅಲ್ಲೇ ಇಟ್ಟು ಸೇತುವೆಯತ್ತ ನಡೆದುಬಿಟ್ಟ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದ ಮೂವರೂ. ಅಣ್ಣ ಒಬ್ಬನೇ ಎಷ್ಟು ಹೊತ್ತು ನಿಂತಾನು?

ಗುಂಡಿ ಡಬ್ಬದ ಸೀಮೆಎಣ್ಣೆಯನ್ನು ಕಾಲುವೆಗೆ ಸುರಿದಳು.

ಆಮೇಲೆ ಎರಡು ವರ್ಷ ದೊಡ್ಡಪ್ಪನ ಮನೆಯವರು ಚಿಕ್ಕಮ್ಮನನ್ನು ಯಾವುದಕ್ಕೂ ಕರೆಯಲಿಲ್ಲ. ಅಂಗಡಿ ಉರುಳಿಸಿದವರು ಯಾರೂ ಬಂದು ತಪ್ಪಾಯ್ತು ಅನ್ನಲಿಲ್ಲ. ಅಜ್ಜನ ಕೈ ನೆಟ್ಟಗಾಗಲಿಲ್ಲ, ಹಾಗಾಗಿ ಮತ್ತೆ ಎತ್ತಿ ನಿಲ್ಲಿಸಿದ ಅಂಗಡಿ ಚಿಕ್ಕಮ್ಮನ ಪಾಲಿಗೆ ಬಂತು. ಅವತ್ತು ಬೀಗಕ್ಕೆ ತಂತಿ ಹಾಕಿ ತೆರೆಯದೆ ಎದ್ದವಳು ಯಾರೆಂದು ಹಾಸಿಗೆ ವ್ಯಾಪಾರಿಗೆ ಇವತ್ತಿಗೂ ಗೊತ್ತಿಲ್ಲ.

"ಪಶ್ಚಾತ್ತಾಪ ಏನಾದ್ರೂ ಇದೆಯಾ?" ಎಂದು ಒಮ್ಮೆ ಕೇಳಿದೆ.

"ತಂತಿ ಒಳಗೆ ಹಾಕಿದ್ನಲ್ಲ, ಅದಕ್ಕಿದೆ. ನಾನೇನು ಒಳ್ಳೆಯವಳಾಗಿರಲಿಲ್ಲ ಕಣೋ. ಪಕ್ಕದಲ್ಲಿ ಅವಳಿದ್ದಳು, ಅಷ್ಟೇ."

ಗುಂಡಿ ಈಗ ದೂರದ ಊರಲ್ಲಿ ಮೊಮ್ಮಕ್ಕಳೊಂದಿಗಿದ್ದಾಳೆ. ಭಾನುವಾರ ಫೋನಿನಲ್ಲಿ ಇಬ್ಬರೂ ಮನಸಾರೆ ಬೈದಾಡಿಕೊಳ್ಳುತ್ತಾರೆ. ಚಿಕ್ಕಮ್ಮನ ಕೈಕೆಳಗೆ ಈಗ ಇಬ್ಬರು ಹುಡುಗಿಯರು ಕೆಲಸ ಕಲಿಯುತ್ತಿದ್ದಾರೆ. ಸೇರಿಸಿಕೊಳ್ಳುವ ಮೊದಲು ಅವಳು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನನ್ನ ಬೈಯೋ ಗೆಳತಿ ಒಬ್ಬಳಾದ್ರೂ ಇದ್ದಾಳಾ?"