ದೀಪ ಹಚ್ಚುವ ಹೊತ್ತಿಗೆ ಸೈರನ್

"ಮನೆಗೆ ಕಳ್ಳ ನುಗ್ಗಿದ್ದಾನೆ!"

ಪಂಜದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ನಮ್ಮವರು ಹೀಗೆ ಕೂಗಿದಾಗ ಸಂಜೆ ಆರೂವರೆ. ತಂಗಿಯ ಮನೆ ಪೂಜೆಗೂ ಬಿಡದೆ ಹೊತ್ತು ತಂದಿದ್ದ ಲ್ಯಾಪ್‌ಟಾಪಿನಲ್ಲಿ ಕೆಂಪು ಅಕ್ಷರ: ಮುಂಬಾಗಿಲು ತೆರೆದಿದೆ.

ಕುಂಬ್ರದ ನಮ್ಮ ಮನೆಗೆ ಅಲಾರಾಂ ಹಾಕಿಸಿ ಎಂಟು ದಿನವಾಗಿತ್ತು. ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲಿ ಕೂತರೂ ಆನ್, ಆಫ್ ಮಾಡಬಹುದಂತೆ. ನಮ್ಮವರೇ ಎರಡು ದಿನ ಕೂತು ಜೋಡಿಸಿದರು. (ಅಡುಗೆಮನೆಯ ನಲ್ಲಿ ಆರು ತಿಂಗಳಿಂದ ಸೋರುತ್ತಿದೆ. ಅದಕ್ಕೆ ಪುರುಸೊತ್ತಿಲ್ಲ.)

"ಈ ಹೊತ್ತಿಗೆ ಎಂತ ಕಳ್ಳ?" ಎಂದು ನಾನು ಕೇಳುವಷ್ಟರಲ್ಲಿ ಅವರು ಸೈರನ್ ಬಟನ್ ಒತ್ತಿಯಾಗಿತ್ತು.

ಕೂಡಲೇ ನನಗೆ ಪಕ್ಕದ ಮನೆಯ ಲೀಲಕ್ಕನ ಫೋನು. ಅವರ ಮಾತಿನ ಹಿಂದೆ ನಮ್ಮದೇ ಸೈರನ್ ಸದ್ದು.

"ನಿನ್ನ ಮನೆ ಬೊಬ್ಬೆ ಹೊಡೀತಾ ಉಂಟು ಮಾರಾಯ್ತಿ! ನಾನು ಬಾಗಿಲು ತೆಗೆದದ್ದು ಮಾತ್ರ!"

ಹೊರಡುವಾಗ ಕೀ ಕೊಟ್ಟು, "ಸಂಜೆ ದೀಪ ಇಡಿ ಲೀಲಕ್ಕ" ಎಂದವಳು ನಾನೇ. ಇಪ್ಪತ್ತು ವರ್ಷದಿಂದ ನಮ್ಮ ದೇವರ ಕೋಣೆಯಲ್ಲಿ ಸಂಜೆಯ ದೀಪ ತಪ್ಪಿಲ್ಲ. ನಾನಿಲ್ಲದ ದಿನ ಲೀಲಕ್ಕ ಹಚ್ಚುತ್ತಾರೆ. ದೀಪಕ್ಕೆ ಮೊದಲು ಮುಂಬಾಗಿಲು ತೆರೆಯುವುದು ನಮ್ಮ ಕ್ರಮ. ಲಕ್ಷ್ಮಿ ಒಳಗೆ ಬರುವ ಹೊತ್ತಲ್ಲವೇ? ಆ ಬಾಗಿಲಿಗೇ ಅಲಾರಾಂ ಕೂರಿಸಿದ್ದನ್ನು ಹೇಳಲು ಮರೆತಿದ್ದೆ.

ನಮ್ಮವರಿಗೆ ಆಫ್ ಬಟನ್ ಹುಡುಕಲು ಐದು ನಿಮಿಷ ಬೇಕಾಯಿತು.

ಮರುದಿನ ನಾವು ಮನೆ ಮುಟ್ಟಿದ್ದೇ ಲೀಲಕ್ಕ ಬಂದು ಕೀಯನ್ನು ಮೇಜಿನ ಮೇಲಿಟ್ಟರು.

"ತಗೊ. ಊರಿಡೀ ಓಡಿ ಬಂತು. ನಾನು ಬೆಂಕಿಪೆಟ್ಟಿಗೆ ಹಿಡ್ಕೊಂಡು ಕಳ್ಳಿಯ ಹಾಗೆ ನಿಂತದ್ದು. ಇನ್ನು ನನ್ನಿಂದ ಆಗುದಿಲ್ಲ."

ತಿರುಗಿ ನೋಡದೆ ಹೋದರು. ನೀವೇ ಹೇಳಿ, ಆ ಕೀ ನನ್ನಲ್ಲೇ ಉಳಿದರೆ ನನಗೆ ಲಾಭವೇ? ಇಪ್ಪತ್ತು ವರ್ಷದ ನೆರೆಯವರನ್ನು ಯಾವ ಕಂಪೆನಿ ಬಂದು ಫಿಟ್ ಮಾಡಿಕೊಡುತ್ತದೆ?

ದೇವರ ಕೋಣೆಗೆ ಹೋದೆ. ಹೊರಡುವಾಗ ನಾನು ಹಾಕಿಟ್ಟ ಹೊಸ ಬತ್ತಿ ಉರಿದು ಕರಕಲಾಗಿತ್ತು. ಹಣತೆಯಲ್ಲಿ ಎಣ್ಣೆಯ ಪಸೆ ಮಾತ್ರ. ಅಷ್ಟು ಅವಮಾನದ ನಡುವೆಯೂ ಲೀಲಕ್ಕ ದೀಪ ಇಟ್ಟೇ ಹೋಗಿದ್ದರು! ದೇವರು ದೊಡ್ಡವನು. ಅವನು ಕೊಡುವ ಇಂಥ ಸಣ್ಣ ಸಣ್ಣವನ್ನೇ ನಾನು ನೆನಪಿಟ್ಟುಕೊಳ್ಳುವುದು.

ಕೈಮುಗಿದು ಎದ್ದವಳು ನೇರ ಕಂಪ್ಯೂಟರ್ ಎದುರು ಕೂತೆ.

"ಅದೆಲ್ಲ ನಿಂಗೆ ಗೊತ್ತಾಗುದಿಲ್ಲ" ಎಂದರು ನಮ್ಮವರು.

ಗೊತ್ತಾಗದಿರಲು ಅದೇನು ಹಲಸಿನ ಹಪ್ಪಳದ ಹಿಟ್ಟಿನ ಹದವೇ? ಎಲ್ಲ ಸ್ಕ್ರೀನಿನ ಮೇಲೆ ಬರೆದೇ ಇದೆ. ದಿನಾ ಸಂಜೆ ಆರರಿಂದ ಏಳರವರೆಗೆ ಅಲಾರಾಂ ತಾನಾಗಿ ಆಫ್ ಆಗುವಂತೆ ಟೈಮ್ ಕೊಟ್ಟೆ. ಆರೂವರೆಗೆ ಲೀಲಕ್ಕನ ಕೈಹಿಡಿದು ಕರೆತಂದು ಅವರಿಂದಲೇ ಮುಂಬಾಗಿಲು ತೆಗೆಸಿದೆ. ಸ್ಕ್ರೀನಿನಲ್ಲಿ ಕೆಂಪು ಅಕ್ಷರವೂ ಇಲ್ಲ, ಸದ್ದೂ ಇಲ್ಲ.

"ಪುನಃ ಬೊಬ್ಬೆ ಹೊಡೆದ್ರೆ?"

"ಹೊಡೆದ್ರೆ ಕಿತ್ತು ತೆಂಗಿನ ಬುಡಕ್ಕೆ ಹಾಕುವ."

ಲೀಲಕ್ಕ ನಕ್ಕರು. ಮೇಜಿನ ಮೇಲಿದ್ದ ಕೀ ಅವರ ಸೊಂಟ ಸೇರಿತು.

ನಮ್ಮವರಿಗೆ ಮಾತ್ರ ಇನ್ನೂ ಚಿಂತೆ: "ಆ ಒಂದು ಗಂಟೆಯಲ್ಲೇ ಕಳ್ಳ ಬಂದ್ರೆ?"

ನಾವಿಲ್ಲದ ದಿನ ಆ ಹೊತ್ತಿಗೆ ಮನೆಯಲ್ಲಿ ಲೀಲಕ್ಕ ಇರುತ್ತಾರೆ. ಅಷ್ಟು ಧೈರ್ಯವಿದ್ದರೆ ಕಳ್ಳ ಬರಲಿ ನೋಡೋಣ!